ಗಡಿ, ಮೀಸಲಾತಿ ಎರಡೂ ಚುನಾವಣಾ ಆಯೋಗದ ಕೈಗೆ ಮರಳಲಿ

ಸಂಪಾದಕರಿಗೆ,

2016ರ ಫೆಬ್ರುವರಿಯಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅದಾಗಿ ನಾಲ್ಕು ವರ್ಷ ಕಳೆದರೂ ಹೊಸ ಚುನಾವಣೆ ಆಗಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದು, ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಇಂಥ ಸುದ್ದಿ ಬಂದಾಗಲೆಲ್ಲ ಓದುಗರ ಪತ್ರಗಳಲ್ಲಿ ಒಂದೇ ಪ್ರಶ್ನೆ: ಚುನಾವಣಾ ಆಯೋಗ ಏನು ಮಾಡುತ್ತಿದೆ? ಪ್ರಶ್ನೆ ಸರಿಯಾದದ್ದೇ. ಆದರೆ ಆಯೋಗದ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು ತಿಳಿಯದೆ ಕೇಳಿದರೆ ಉತ್ತರ ಕೊಡಬೇಕಾದವರು ತಪ್ಪಿಸಿಕೊಳ್ಳುತ್ತಾರೆ. ಆ ಕಾರಣಕ್ಕೆ ಈ ಪತ್ರ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ರಾಜ್ಯದಲ್ಲಿ ಅದರ ಪ್ರತಿನಿಧಿ ಮುಖ್ಯ ಚುನಾವಣಾಧಿಕಾರಿ. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆವರೆಗಿನ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಇವೆರಡೂ ಬೇರೆ ಬೇರೆ ಸಂಸ್ಥೆಗಳು, ಒಂದು ಇನ್ನೊಂದರ ಅಧೀನದಲ್ಲಿಲ್ಲ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳ ಮೂಲಕ ಸಂವಿಧಾನದ 243ಕೆ ಮತ್ತು 243ಜೆಡ್‌ಎ ವಿಧಿಗಳು ರಾಜ್ಯ ಆಯೋಗವನ್ನು ಹುಟ್ಟುಹಾಕಿದವು. ಸ್ಥಳೀಯ ಸಂಸ್ಥೆಗಳ ಮತದಾರರ ಪಟ್ಟಿ ತಯಾರಿಕೆ ಮತ್ತು ಚುನಾವಣೆಯ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣ ಪೂರ್ತಿಯಾಗಿ ಅದರದ್ದು. ಆಯುಕ್ತರನ್ನು ನೇಮಿಸುವವರು ರಾಜ್ಯಪಾಲರು. ಒಮ್ಮೆ ನೇಮಕವಾದ ಮೇಲೆ ಹೈಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವ ಕ್ರಮದಲ್ಲಲ್ಲದೆ ಬೇರೆ ರೀತಿಯಲ್ಲಿ ಅವರನ್ನು ತೆಗೆಯುವಂತಿಲ್ಲ, ಅವರ ಸೇವಾ ಷರತ್ತನ್ನು ಅವರಿಗೆ ತೊಂದರೆಯಾಗುವಂತೆ ಬದಲಿಸುವಂತಿಲ್ಲ. ಕೇಳಿದಾಗ ಸಿಬ್ಬಂದಿ ಒದಗಿಸುವುದು ಸರ್ಕಾರದ ಮರ್ಜಿಯ ಮಾತಲ್ಲ, 243ಕೆ ವಿಧಿಯ ಮೂರನೇ ಖಂಡದ ಪ್ರಕಾರ ಕರ್ತವ್ಯ. 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ತನ್ನ ವ್ಯಾಪ್ತಿಯಲ್ಲಿ ರಾಜ್ಯ ಆಯೋಗದ ಸ್ಥಾನ ಭಾರತ ಚುನಾವಣಾ ಆಯೋಗಕ್ಕೆ ಸಮ, ಸರ್ಕಾರ ಸಹಕರಿಸದಿದ್ದರೆ ಆಯೋಗವೇ ಹೈಕೋರ್ಟ್ ಮೆಟ್ಟಿಲೇರಬಹುದು.

ಇನ್ನು ಕರ್ತವ್ಯ. 243ಇ ಮತ್ತು 243ಯು ವಿಧಿಗಳಲ್ಲಿ ಅದು ಸ್ಪಷ್ಟವಾಗಿದೆ. ಸ್ಥಳೀಯ ಸಂಸ್ಥೆಯ ಆಯಸ್ಸು ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಆ ಐದು ವರ್ಷ ತುಂಬುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಮಧ್ಯದಲ್ಲಿ ವಿಸರ್ಜನೆಯಾದರೆ ಆರು ತಿಂಗಳೊಳಗೆ. ವಿಧಾನಸಭೆಗಾದರೆ ತುರ್ತುಪರಿಸ್ಥಿತಿಯಲ್ಲಿ ಅವಧಿ ವಿಸ್ತರಿಸಲು ಅವಕಾಶವಿದೆ, ಪಂಚಾಯಿತಿಗೆ ಅದೂ ಇಲ್ಲ.

ಇಷ್ಟು ಬಿಗಿಯಾದ ಕಟ್ಟಳೆ ಇದ್ದೂ ಚುನಾವಣೆ ವರ್ಷಗಟ್ಟಲೆ ನಿಲ್ಲುವುದು ಹೇಗೆ? ಮತದಾನಕ್ಕೆ ಮೊದಲು ಮೂರು ಕಾಗದಗಳು ಸಿದ್ಧವಾಗಬೇಕು: ಕ್ಷೇತ್ರಗಳ ಗಡಿ, ಮೀಸಲಾತಿ ಪಟ್ಟಿ, ಮತದಾರರ ಪಟ್ಟಿ. ಮೂರನೆಯದು ಮಾತ್ರ ಆಯೋಗದ ಕೈಯಲ್ಲಿದೆ. ಮೊದಲ ಎರಡು ಬರುವವರೆಗೆ ಅದನ್ನೂ ಕ್ಷೇತ್ರವಾರು ಒಡೆಯಲಾಗದು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ವಾರ್ಡ್ ಗಡಿಯೂ ಮೀಸಲಾತಿಯೂ ಸರ್ಕಾರದ ಅಧಿಸೂಚನೆಯಿಂದ ಬರುತ್ತವೆ. ಪಂಚಾಯಿತಿಗಳಲ್ಲಿ ಹೀಗಿರಲಿಲ್ಲ. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಕ್ಷೇತ್ರ ವಿಂಗಡಣೆಯನ್ನು ಆಯೋಗವೇ ಮುಗಿಸಿ, ಜುಲೈ ಹೊತ್ತಿಗೆ ಕರಡು ಮೀಸಲಾತಿ ಪ್ರಕಟಿಸಿ ಆಕ್ಷೇಪಣೆ ಕರೆದಿತ್ತು. ಆಗ ಸರ್ಕಾರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಆ ಎರಡೂ ಅಧಿಕಾರವನ್ನು ಆಯೋಗದಿಂದ ಕಿತ್ತು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಮುಗಿಯಲು ಬಂದಿದ್ದ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ರಾಜ್ಯ ಚುನಾವಣಾ ಆಯೋಗ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಮೇಲಿಂದ ಮೇಲೆ ಕಾಲಾವಕಾಶ ಕೇಳಿದ ಸರ್ಕಾರಕ್ಕೆ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 5 ಲಕ್ಷ ರೂಪಾಯಿ ದಂಡ ಹಾಕಿತು. ಆ ಮೇಲೂ ಮತದಾನದ ದಿನ ನಿಗದಿಯಾಗಲಿಲ್ಲ. ಅಂದು ಇದ್ದದ್ದು ಒಂದು ಪಕ್ಷದ ಸರ್ಕಾರ, ಮುಂದೆ ಬಂದದ್ದು ಇನ್ನೊಂದು ಪಕ್ಷದ್ದು. ಚುನಾವಣೆ ಮಾತ್ರ ಇಬ್ಬರ ಕಾಲದಲ್ಲೂ ಆಗಲಿಲ್ಲ.

ಗಡಿ, ಮೀಸಲಾತಿಯ ಕೆಲಸ ಬರೀ ಗುಮಾಸ್ತಿಕೆಯಲ್ಲ. ಅದು ಯಾರ ಕೈಯಲ್ಲಿದೆ ಎಂಬುದು ಏಕೆ ಮುಖ್ಯವೆಂದು ತಿಳಿಯಲು ಒಂದು ಗ್ರಾಮ ಪಂಚಾಯಿತಿಯ ಲೆಕ್ಕ ಮಾಡಿ ನೋಡೋಣ. ಕಾನೂನಿನ ಪ್ರಕಾರ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪಂಚಾಯಿತಿಯ ಜನಸಂಖ್ಯೆ 6,000 ಎಂದುಕೊಂಡರೆ 15 ಸ್ಥಾನ. ಅದರಲ್ಲಿ ಪರಿಶಿಷ್ಟ ಜಾತಿಯವರು 1,320 ಮಂದಿ ಇದ್ದರೆ ಅವರ ಪಾಲು 3.3, ಅಂದರೆ 3 ಸ್ಥಾನ. ಪರಿಶಿಷ್ಟ ಪಂಗಡದವರು 420 ಇದ್ದರೆ 1 ಸ್ಥಾನ. ಹಿಂದುಳಿದ ವರ್ಗಕ್ಕೆ ಮೂರನೇ ಒಂದು ಪಾಲು ಎಂದರೆ 5 ಆಗಬೇಕು. ಆದರೆ ಒಟ್ಟು ಮೀಸಲಾತಿ ಶೇ 50 ಮೀರಬಾರದು ಎಂಬ ಮಿತಿ ಇರುವುದರಿಂದ ಅವರಿಗೆ ಉಳಿಯುವುದು 3. ಮಿಕ್ಕ 8 ಸಾಮಾನ್ಯ. ಇದರ ಮೇಲೆ ಪ್ರತಿ ವರ್ಗದೊಳಗೂ ಅರ್ಧದಷ್ಟು ಮಹಿಳೆಯರಿಗೆ. 3ರಲ್ಲಿ ಅರ್ಧ ಎಂದರೆ ಒಂದೋ ಎರಡೋ? ಈ ಭಿನ್ನರಾಶಿಯಲ್ಲೇ ಅರ್ಧ ತಕರಾರು ಹುಟ್ಟುತ್ತವೆ.

ಉಳಿದರ್ಧ ತಕರಾರು ಯಾವ ಸ್ಥಾನ ಯಾವ ಕ್ಷೇತ್ರಕ್ಕೆ ಎಂಬಲ್ಲಿ. ಆ ವರ್ಗದ ಜನಸಂಖ್ಯೆಯ ಪ್ರಮಾಣ ಎಲ್ಲಿ ಹೆಚ್ಚಿದೆಯೋ ಅಲ್ಲಿಂದ ಇಳಿಕೆಯ ಕ್ರಮದಲ್ಲಿ ಹೋಗಬೇಕು, ಹಿಂದಿನ ಚುನಾವಣೆಯಲ್ಲಿ ಮೀಸಲಾಗಿದ್ದ ಕ್ಷೇತ್ರವನ್ನು ಬಿಟ್ಟು ಮುಂದಕ್ಕೆ ಸರದಿ ಸಾಗಬೇಕು. ಗಡಿ ಬದಲಾದರೆ ಸರದಿಯ ದಾರವೇ ಕಡಿದುಹೋಗುತ್ತದೆ. ‘ಇದು ಹಳೆಯ ಕ್ಷೇತ್ರವಲ್ಲ, ಹೊಸದು’ ಎಂದು ಬರೆದು ಅದೇ ಊರನ್ನು ಅದೇ ವರ್ಗಕ್ಕೆ ಮತ್ತೆ ಮೀಸಲಿಡಬಹುದು, ಇಲ್ಲವೇ ಸರದಿ ಬಂದ ಊರನ್ನು ತಪ್ಪಿಸಬಹುದು. ಯಾವ ಬೀದಿ ಯಾವ ಕ್ಷೇತ್ರಕ್ಕೆ ಸೇರಿತು ಎಂಬುದರ ಮೇಲೆ ಯಾರು ನಿಲ್ಲಬಹುದು, ಯಾರು ನಿಲ್ಲಲಾಗದು ಎಂಬುದು ತೀರ್ಮಾನವಾಗಿಬಿಡುತ್ತದೆ. ಆಳುವ ಪಕ್ಷದ ಶಾಸಕರು ಈ ಹಂತದಲ್ಲಿ ತಹಶೀಲ್ದಾರರ ಕಚೇರಿಗೆ ನಕ್ಷೆ ಹಿಡಿದು ಬರುವುದು ಇದಕ್ಕೇ.

ಇನ್ನೊಂದು ತೊಡಕು ಅಂಕಿಅಂಶದ್ದು. ಜನಗಣತಿಯ ಅಂಕಿ ಇರುವುದು ಗ್ರಾಮವಾರು, ಅದರ ಕೆಳಗೆ ಗಣತಿ ಬ್ಲಾಕ್‌ವಾರು, ಅಂದರೆ ಒಬ್ಬ ಗಣತಿದಾರರಿಗೆ ವಹಿಸಿದ ಮನೆಗಳ ಗುಂಪಿನ ಲೆಕ್ಕದಲ್ಲಿ. ಕ್ಷೇತ್ರದ ಗಡಿ ಒಂದು ಗಣತಿ ಬ್ಲಾಕನ್ನು ನಡುವೆ ಕಡಿದರೆ ಆ ಬ್ಲಾಕಿನ ಜನಸಂಖ್ಯೆಯನ್ನು ಅಂದಾಜಿನಲ್ಲಿ ಹಂಚಬೇಕಾಗುತ್ತದೆ. ಅಂದಾಜು ಬಂತೆಂದರೆ ರಿಟ್ ಅರ್ಜಿ ಬಂತೆಂದೇ ಲೆಕ್ಕ. ಬ್ಲಾಕನ್ನು ಒಡೆಯದೆ ಕ್ಷೇತ್ರ ಕಟ್ಟಿದರೆ ಅರ್ಧದಷ್ಟು ವ್ಯಾಜ್ಯ ತಾನಾಗಿ ತಪ್ಪುತ್ತದೆ. 2027ರ ಜನಗಣತಿ ಬರಲಿ, ಆಮೇಲೆ ನೋಡೋಣ ಎಂಬ ಮಾತೂ ಅಲ್ಲಲ್ಲಿ ಕೇಳುತ್ತಿದೆ. ಅದಕ್ಕೆ ಆಧಾರವಿಲ್ಲ. ಅಂಕಿ ಪ್ರಕಟವಾಗಿರುವ ಕೊನೆಯ ಜನಗಣತಿಯ ಜನಸಂಖ್ಯೆಯೇ ಜನಸಂಖ್ಯೆ ಎಂದು ಸಂವಿಧಾನದ 243ನೇ ವಿಧಿಯೇ ವ್ಯಾಖ್ಯಾನ ಕೊಟ್ಟಿದೆ. ಹೊಸ ಅಂಕಿ ಪ್ರಕಟವಾಗುವವರೆಗೆ 2011ರದ್ದೇ ಕಾನೂನುಬದ್ಧ.

ಗಡಿ ಕೆಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಚುನಾವಣೆ ಹತ್ತಿರ ಬಂದಾಗ ಗ್ರಾಮ ಪಂಚಾಯಿತಿಗಳನ್ನು ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೆ ಏರಿಸುವುದು, ಊರುಗಳನ್ನು ನಗರಸಭೆಗೆ ಸೇರಿಸುವುದು. ಒಂದು ಗ್ರಾಮ ಪಂಚಾಯಿತಿ ಕೈಬಿಟ್ಟರೆ ಅದರ ಮೇಲಿನ ತಾಲ್ಲೂಕು ಪಂಚಾಯಿತಿ ಕ್ಷೇತ್ರ, ಜಿಲ್ಲಾ ಪಂಚಾಯಿತಿ ಕ್ಷೇತ್ರ, ಎರಡರ ಮೀಸಲಾತಿ ಎಲ್ಲವೂ ಮರುಲೆಕ್ಕ. ಊರು ಬೆಳೆದರೆ ಮೇಲ್ದರ್ಜೆಗೆ ಏರಲಿ, ಬೇಡವೆನ್ನುವವರು ಯಾರು? ಆದರೆ ಅವಧಿ ಮುಗಿಯುವ ಕೊನೆಯ ಒಂದು ವರ್ಷದಲ್ಲಿ ಅಂಥ ಬದಲಾವಣೆ ಕೂಡದು ಎಂಬ ನಿಯಮ ಬೇಕೇ ಬೇಕು.

ಸರ್ಕಾರಗಳು ಮುಂದಿಡುವ ಮುಖ್ಯ ನೆಪ ಹಿಂದುಳಿದ ವರ್ಗಗಳ ಮೀಸಲಾತಿಯದು. ಇದರ ಮೂಲ ನಮ್ಮ ರಾಜ್ಯದ್ದೇ ಪ್ರಕರಣ. ಕರ್ನಾಟಕದ ಕಾಯ್ದೆಯನ್ನು ಪ್ರಶ್ನಿಸಿದ್ದ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣ, ಉದ್ಯೋಗದಲ್ಲಿನ ಹಿಂದುಳಿದಿರುವಿಕೆ ಬೇರೆ, ರಾಜಕೀಯವಾಗಿ ಹಿಂದುಳಿದಿರುವಿಕೆ ಬೇರೆ ಎಂದಿತು. 2021ರಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಮೂರು ಷರತ್ತು ಖಚಿತವಾದವು: ಪ್ರತ್ಯೇಕ ಆಯೋಗದಿಂದ ಅಧ್ಯಯನ, ಸ್ಥಳೀಯ ಸಂಸ್ಥೆವಾರು ಪ್ರಮಾಣ ನಿಗದಿ, ಒಟ್ಟು ಮೀಸಲಾತಿ ಶೇ 50ರೊಳಗೆ. ಅದಕ್ಕಾಗಿ ಇಲ್ಲಿ ನೇಮಕವಾದ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರ ಜುಲೈನಲ್ಲಿ ವರದಿಯನ್ನೂ ಕೊಟ್ಟಿತು. ಹಿಂದುಳಿದ ವರ್ಗದವರ ಪಾಲು ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಲೆಕ್ಕ ಮುಗಿದಿಲ್ಲ ಎಂದು ಚುನಾವಣೆಯನ್ನೇ ನಿಲ್ಲಿಸಲು ಬರುವುದಿಲ್ಲ. ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ 2022ರ ಮೇ 10ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಕ್ಷೇತ್ರ ವಿಂಗಡಣೆ ನಡೆಯುತ್ತಿದೆ ಎಂಬುದಾಗಲಿ, ಮೂರು ಷರತ್ತಿನ ಅಧ್ಯಯನ ಬಾಕಿ ಎಂಬುದಾಗಲಿ ಚುನಾವಣೆ ಮುಂದೂಡಲು ಕಾರಣವಾಗದು. ಅಧ್ಯಯನವನ್ನು ಕಾಲಕ್ಕೆ ಸರಿಯಾಗಿ ಮುಗಿಸದ ಸರ್ಕಾರ ಕೊನೆಗೆ ಹಿಂದುಳಿದ ವರ್ಗದವರ ಸ್ಥಾನವನ್ನೇ ಕಳೆಯುತ್ತದೆ, ಏಕೆಂದರೆ ಆ ತೀರ್ಪಿನಂತೆ ಅಂಥ ಸ್ಥಾನಗಳನ್ನು ಸಾಮಾನ್ಯ ಎಂದು ಘೋಷಿಸಿ ಚುನಾವಣೆ ನಡೆಸಬೇಕಾಗುತ್ತದೆ.

ಮೀಸಲಾತಿ ಪಟ್ಟಿ ಸರ್ಕಾರದ ಕೈಯಲ್ಲಿದ್ದರೆ ಚುನಾವಣೆ ನಡೆದ ಮೇಲೂ ಏನಾಗಬಹುದು ಎಂಬುದಕ್ಕೆ ನಮ್ಮ ಪುರಸಭೆ, ನಗರಸಭೆಗಳೇ ಸಾಕ್ಷಿ. 2018ರ ಆಗಸ್ಟ್ 31ರಂದು ಜನ ಮತ ಹಾಕಿದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡು, ಗೆದ್ದವರು ಅಧ್ಯಕ್ಷರನ್ನು ಆರಿಸಲು 2020ರ ಕೊನೆಯವರೆಗೆ ಕಾಯಬೇಕಾಯಿತು. ಎರಡು ವರ್ಷ ಸದಸ್ಯರು ಹೆಸರಿಗೆ ಮಾತ್ರ. ಆಡಳಿತ ನಡೆಸಿದವರು ಅಧಿಕಾರಿಗಳು. ಎರಡನೇ ಅವಧಿಯ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ, ಅದೂ ತಡವಾಗಿಯೇ.

ಕೇರಳದಲ್ಲಿ ಕ್ಷೇತ್ರ ವಿಂಗಡಣಾ ಆಯೋಗದ ಅಧ್ಯಕ್ಷರು ರಾಜ್ಯ ಚುನಾವಣಾ ಆಯುಕ್ತರೇ. ಸರ್ಕಾರದ ಹಿರಿಯ ಕಾರ್ಯದರ್ಶಿಗಳು ಅದರ ಸದಸ್ಯರು. ಅಲ್ಲಿ ಸ್ಥಳೀಯ ಚುನಾವಣೆ 2020ರ ಡಿಸೆಂಬರ್‌ನಲ್ಲಿ ಆಯಿತು, ಮತ್ತೆ ಐದು ವರ್ಷಕ್ಕೆ 2025ರ ಡಿಸೆಂಬರ್‌ನಲ್ಲಿ ಆಯಿತು. ಕೇಂದ್ರದ ಎರಡನೇ ಆಡಳಿತ ಸುಧಾರಣಾ ಆಯೋಗವೂ 2007ರಲ್ಲೇ ಗಡಿ ಮತ್ತು ಮೀಸಲಾತಿಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕೆಂದು, ಆಯುಕ್ತರನ್ನು ಮುಖ್ಯಮಂತ್ರಿ, ವಿಧಾನಸಭಾಧ್ಯಕ್ಷರು, ವಿರೋಧ ಪಕ್ಷದ ನಾಯಕರ ಸಮಿತಿಯ ಶಿಫಾರಸಿನ ಮೇಲೆ ನೇಮಿಸಬೇಕೆಂದು ಹೇಳಿತ್ತು. ಆಯುಕ್ತರ ಸ್ವಾತಂತ್ರ್ಯವನ್ನು ಹಗುರವಾಗಿ ಕಂಡ ರಾಜ್ಯಗಳು ಕೋರ್ಟಿನಲ್ಲಿ ಮುಖಭಂಗ ಅನುಭವಿಸಿವೆ. ಗೋವಾದಲ್ಲಿ ಕಾನೂನು ಕಾರ್ಯದರ್ಶಿಗೇ ಆಯುಕ್ತರ ಹೆಚ್ಚುವರಿ ಹೊಣೆ ಕೊಟ್ಟದ್ದನ್ನು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಪ್ಪೆಂದಿತು. ಸರ್ಕಾರಿ ಹುದ್ದೆಯಲ್ಲಿರುವವರು ಆಯುಕ್ತರಾಗಿರಬಾರದು ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆಂಧ್ರದಲ್ಲಿ ಸುಗ್ರೀವಾಜ್ಞೆಯಿಂದ ಆಯುಕ್ತರ ಅವಧಿಯನ್ನು ಐದರಿಂದ ಮೂರು ವರ್ಷಕ್ಕೆ ಇಳಿಸಿ ಮನೆಗೆ ಕಳಿಸಲು ಹೋದಾಗ ಅಲ್ಲಿನ ಹೈಕೋರ್ಟ್ 2020ರ ಮೇ ತಿಂಗಳಲ್ಲಿ ಆ ಸುಗ್ರೀವಾಜ್ಞೆಯನ್ನೇ ರದ್ದು ಮಾಡಿತು.

ಎಲ್ಲ ಹೊಣೆಯನ್ನೂ ಸರ್ಕಾರದ ಮೇಲೆ ಹಾಕಿ ಆಯೋಗವನ್ನು ಪಾರು ಮಾಡುವುದು ನನ್ನ ಉದ್ದೇಶವಲ್ಲ. ಇರುವ ಅಧಿಕಾರವನ್ನು ಗಟ್ಟಿಯಾಗಿ ಬಳಸಿದರೆ ಕೆಲಸ ಆಗುತ್ತದೆ ಎಂಬುದಕ್ಕೆ 2020ರ ಗ್ರಾಮ ಪಂಚಾಯಿತಿ ಚುನಾವಣೆ ಉದಾಹರಣೆ. ಕೋವಿಡ್ ಕಾರಣಕ್ಕೆ ಮುಂದೂಡಬೇಕೆಂಬ ಒತ್ತಡವಿತ್ತು. ಮೂರು ವಾರದೊಳಗೆ ವೇಳಾಪಟ್ಟಿ ಪ್ರಕಟಿಸಿ ಎಂದು ನವೆಂಬರ್ 13ರಂದು ಹೈಕೋರ್ಟ್ ಹೇಳಿತು. ಡಿಸೆಂಬರ್ 7ರಂದು ಮೊದಲ ಹಂತದ ಅಧಿಸೂಚನೆ, 11ಕ್ಕೆ ನಾಮಪತ್ರ ಸಲ್ಲಿಕೆ ಮುಕ್ತಾಯ, 12ರಂದು ಪರಿಶೀಲನೆ, 14ರವರೆಗೆ ವಾಪಸ್, 22 ಮತ್ತು 27ರಂದು ಎರಡು ಹಂತದ ಮತದಾನ, 30ರಂದು ಎಣಿಕೆ. 5,700ಕ್ಕೂ ಹೆಚ್ಚು ಪಂಚಾಯಿತಿಗಳ ಚುನಾವಣೆ ಅಧಿಸೂಚನೆಯಿಂದ ಎಣಿಕೆವರೆಗೆ 24 ದಿನದಲ್ಲಿ ಮುಗಿಯಿತು. ಮತಗಟ್ಟೆಯ ಕೆಲಸಕ್ಕೆ ಒಂದು ತಿಂಗಳು ಸಾಕು. ವರ್ಷಗಳನ್ನು ನುಂಗುವುದು ಅದಕ್ಕೆ ಮೊದಲಿನ ಎರಡು ಕಾಗದಗಳು. ಇವಿಎಂ ಬೇಕೋ ಮತಪತ್ರ ಬೇಕೋ ಎಂಬ ಚರ್ಚೆಗೆ ಸ್ಥಳೀಯ ಚುನಾವಣೆಗೆ ಮತಪತ್ರ ಬಳಸಲು ಶಿಫಾರಸು ಮಾಡುವ 2025ರ ಸೆಪ್ಟೆಂಬರ್‌ನ ರಾಜ್ಯ ಸಂಪುಟ ತೀರ್ಮಾನದ ನಂತರ ಪತ್ರಿಕೆಗಳು ಪುಟಗಟ್ಟಲೆ ಜಾಗ ಕೊಟ್ಟವು. ಗ್ರಾಮ ಪಂಚಾಯಿತಿಗಳಲ್ಲಿ 2020ರಲ್ಲೂ ಬೀದರ್ ಬಿಟ್ಟು ಉಳಿದ ಕಡೆ ಮತಪತ್ರವೇ ಇತ್ತು. ಚುನಾವಣೆ ನಿಂತದ್ದು ಯಂತ್ರದಿಂದಲೂ ಅಲ್ಲ, ಮತಪತ್ರದಿಂದಲೂ ಅಲ್ಲ.

ಆಯೋಗ ಹಿಂಜರಿದ ಜಾಗವೆಂದರೆ ಸದಸ್ಯ ಸ್ಥಾನಗಳ ಹರಾಜು. 2020ರ ಡಿಸೆಂಬರ್‌ನಲ್ಲಿ ಕೆಲವು ಊರುಗಳಲ್ಲಿ ದೇವಸ್ಥಾನದ ಹೆಸರಿನಲ್ಲಿ ಸ್ಥಾನಗಳನ್ನು ಬಹಿರಂಗವಾಗಿ ಕೂಗಿ ಲಕ್ಷಗಟ್ಟಲೆಗೆ ಬಿಕರಿ ಮಾಡಿದ ವರದಿಗಳು ಬಂದವು. ಪ್ರಕರಣ ದಾಖಲಿಸಲು ಜಿಲ್ಲಾಧಿಕಾರಿಗಳಿಗೆ ಸೂಚನೆ ಹೋಯಿತು. ಅದು ಸಾಲದು. ಹಣ ಕಟ್ಟಿದವನೊಬ್ಬನೇ ಕಣದಲ್ಲಿ ಉಳಿದರೆ ವಾಪಸ್ ಪಡೆಯುವ ಅವಧಿ ಮುಗಿದ ಕೂಡಲೇ ಚುನಾವಣಾಧಿಕಾರಿ ಅವನನ್ನು ಅವಿರೋಧವಾಗಿ ಆಯ್ಕೆಯಾದನೆಂದು ಘೋಷಿಸಬೇಕಾಗುತ್ತದೆ, ಎಫ್‌ಐಆರ್ ಒಂದು ಕಡೆ ಉಳಿಯುತ್ತದೆ. ಮಹಾರಾಷ್ಟ್ರದ ಆಯೋಗ 2021ರ ಜನವರಿಯಲ್ಲಿ ನಾಸಿಕ್ ಜಿಲ್ಲೆಯ ಉಮ್ರಾಣೆ, ನಂದುರ್‌ಬಾರ್ ಜಿಲ್ಲೆಯ ಖೋಂಡಾಮಳಿ ಗ್ರಾಮ ಪಂಚಾಯಿತಿಗಳಲ್ಲಿ ಹರಾಜು ನಡೆದದ್ದು ಖಚಿತವಾದಾಗ ಚುನಾವಣೆಯ ಪ್ರಕ್ರಿಯೆಯನ್ನೇ ರದ್ದು ಮಾಡಿತು. ಅದೇ 243ಕೆ ನಮ್ಮ ಆಯೋಗಕ್ಕೂ ಇದೆ. ಅವಿರೋಧ ಆಯ್ಕೆಯ ಪ್ರತಿ ಪ್ರಕರಣದಲ್ಲೂ ಘೋಷಣೆಗೆ ಮೊದಲು ವೀಕ್ಷಕರ ವರದಿ ಕಡ್ಡಾಯ ಎಂದು ಆಯೋಗ ಆದೇಶಿಸಿದರೆ ಅರ್ಧ ಹರಾಜು ನಿಲ್ಲುತ್ತದೆ.

ಮತದಾರರ ಪಟ್ಟಿಯ ಬಗ್ಗೆ ಓದುಗರಿಗೆ ಕೆಲಸಕ್ಕೆ ಬರುವ ಮಾತೊಂದಿದೆ. ರಾಜ್ಯ ಆಯೋಗ ಮನೆಮನೆಗೆ ಹೋಗಿ ಹೊಸ ಪಟ್ಟಿ ಬರೆಯುತ್ತಾ ಬಂದಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ತೆಗೆದುಕೊಂಡು ಕ್ಷೇತ್ರವಾರು ಒಡೆಯುತ್ತದೆ. ವಿಧಾನಸಭೆ ಪಟ್ಟಿಯ ಒಂದು ‘ಭಾಗ’ ಎಂದರೆ ಒಂದು ಮತಗಟ್ಟೆಯ ವ್ಯಾಪ್ತಿ. ವಾರ್ಡಿನ ಗಡಿ ಆ ಭಾಗದ ನಡುವೆ ಹಾದುಹೋದಾಗ ಮನೆ ನಂಬರ್ ನೋಡಿ ಹೆಸರುಗಳನ್ನು ಎರಡು ಕಡೆಗೆ ಹಾಕುತ್ತಾರೆ. ಪಟ್ಟಿಯಲ್ಲಿ ಮನೆ ನಂಬರ್ ಅಡ್ಡಾದಿಡ್ಡಿ ಇದ್ದರೆ ಗಂಡನ ಹೆಸರು ಒಂದು ವಾರ್ಡಿಗೆ, ಹೆಂಡತಿಯದು ಪಕ್ಕದ ವಾರ್ಡಿಗೆ ಹೋಗಿಬಿಡುತ್ತದೆ. ಹೆಸರೇ ಇಲ್ಲದಿದ್ದರೆ ರಾಜ್ಯ ಆಯೋಗಕ್ಕೆ ಅರ್ಜಿ ಹಾಕಿ ಪ್ರಯೋಜನವಿಲ್ಲ. ಮೊದಲು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ನಮೂನೆ 6 ಕೊಟ್ಟು ವಿಧಾನಸಭೆ ಪಟ್ಟಿಗೆ ಸೇರಬೇಕು, ವಿಳಾಸ ಬದಲಾಗಿದ್ದರೆ ನಮೂನೆ 8. ಹೆಸರಿದ್ದು ವಾರ್ಡ್ ತಪ್ಪಿದ್ದರೆ ಮಾತ್ರ ಕರಡು ಪಟ್ಟಿ ಪ್ರಕಟವಾದಾಗ ಪಂಚಾಯಿತಿ ಕಚೇರಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಭಾಗಸಂಖ್ಯೆ, ಕ್ರಮಸಂಖ್ಯೆ ಬರೆದು ಆಕ್ಷೇಪಣೆ ಕೊಡಬೇಕು. ಅಕ್ಕಪಕ್ಕದ ಮನೆಯವರ ಕ್ರಮಸಂಖ್ಯೆಯನ್ನೂ ಜೊತೆಗೆ ಬರೆದರೆ ಬೇಗ ಸರಿಯಾಗುತ್ತದೆ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ತಡವಾಗಿರುತ್ತದೆ.

ಹಾಗೆಯೇ ಫಲಿತಾಂಶ ಘೋಷಣೆಯಾದ ಮೇಲೆ ಅದನ್ನು ಬದಲಿಸುವ ಅಧಿಕಾರ ಆಯೋಗಕ್ಕಿಲ್ಲ. ಮತದಾನ ಕೆಟ್ಟರೆ ಮರುಮತದಾನ ಮಾಡಿಸಬಹುದು, ಎಣಿಕೆ ನಡೆಯುವಾಗ ತಕರಾರು ಕೇಳಬಹುದು. ಘೋಷಣೆಯ ನಂತರ ಉಳಿಯುವುದು 30 ದಿನದೊಳಗೆ ಸಿವಿಲ್ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಮಾತ್ರ. ಸೋತವರು ಬೆಂಗಳೂರಿಗೆ ಮನವಿ ಕಳಿಸಿ ಉತ್ತರಕ್ಕೆ ಕಾಯುತ್ತ ಆ 30 ದಿನವನ್ನು ಕಳೆದುಕೊಳ್ಳುತ್ತಾರೆ.

ಈಗ ಆಗಬೇಕಾದದ್ದು ಕಾಯ್ದೆಯ ತಿದ್ದುಪಡಿ. 2021ರಲ್ಲಿ ಕಿತ್ತುಕೊಂಡ ಅಧಿಕಾರವನ್ನು ಪಂಚಾಯಿತಿಗಳಲ್ಲಿ ವಾಪಸ್ ಕೊಡಬೇಕು, ನಗರ ಸಂಸ್ಥೆಗಳಲ್ಲಿ ಹೊಸದಾಗಿ ಕೊಡಬೇಕು. ಕೇರಳದಂತೆ ಆಯುಕ್ತರ ಅಧ್ಯಕ್ಷತೆಯ ಸಮಿತಿಯಾದರೂ ಆದೀತು. ಕಾಯ್ದೆಯೊಳಗೇ ಗಡುವು ಬರೆಯಬೇಕು: ಅವಧಿ ಮುಗಿಯುವ 12 ತಿಂಗಳ ಮೊದಲು ಗಡಿ ಬದಲಾವಣೆ ಬಂದ್, 9 ತಿಂಗಳ ಮೊದಲು ಕ್ಷೇತ್ರ ವಿಂಗಡಣೆ ಅಂತಿಮ, 6 ತಿಂಗಳ ಮೊದಲು ಮೀಸಲಾತಿ ಅಂತಿಮ, 3 ತಿಂಗಳ ಮೊದಲು ಮತದಾರರ ಪಟ್ಟಿ. ನಡುವೆ ಉಳಿಯುವ ತಿಂಗಳುಗಳು ಆಕ್ಷೇಪಣೆಗೆ, ಕೋರ್ಟಿಗೆ. ಗಡುವು ತಪ್ಪಿದರೆ ಹಿಂದಿನ ಚುನಾವಣೆಯ ಕ್ಷೇತ್ರಗಳ ಮೇಲೆಯೇ ಮತದಾನ ನಡೆಯುತ್ತದೆ ಎಂಬ ಒಂದು ಸಾಲು ಸೇರಿದರೆ, ತಡ ಮಾಡಿ ಲಾಭ ಪಡೆಯುವ ದಾರಿ ಮುಚ್ಚುತ್ತದೆ. ಜಿಲ್ಲಾಧಿಕಾರಿ, ತಹಶೀಲ್ದಾರರು ಈ ಕೆಲಸದ ಮಟ್ಟಿಗೆ ಆಯೋಗದ ಅಧೀನ ಎಂದೂ, ಆಯೋಗದ ಅನುಮತಿಯಿಲ್ಲದೆ ಆ ಅವಧಿಯಲ್ಲಿ ಅವರ ವರ್ಗಾವಣೆ ಇಲ್ಲವೆಂದೂ ಅದರಲ್ಲಿರಬೇಕು. 2020ರ ಡಿಸೆಂಬರ್‌ನಲ್ಲಿ ಆರಿಸಿದ ಗ್ರಾಮ ಪಂಚಾಯಿತಿಗಳ ಐದು ವರ್ಷದ ಲೆಕ್ಕವೂ 2026ರ ಆರಂಭಕ್ಕೆ ಬಂದು ನಿಲ್ಲುವುದರಿಂದ, ಈ ಮಸೂದೆ ವಿಧಾನಮಂಡಲದ ಮುಂದಿನ ಅಧಿವೇಶನದಲ್ಲೇ ಮಂಡನೆಯಾಗಬೇಕು. ನಮ್ಮ ಕ್ಷೇತ್ರಗಳ ಶಾಸಕರನ್ನು, ಪಕ್ಷ ಯಾವುದೇ ಇರಲಿ, ಓದುಗರು ಕೇಳಬೇಕಾದದ್ದು ಇದನ್ನೇ.

— ಓದುಗ, ಶಿವಮೊಗ್ಗ